ಕೊಳಾಯಿಗೆ ಕೊಟ್ಟ ತುಪ್ಪ

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ. ಕೊಳಾಯಿ ಸೋರಿದ ಕತೆ ತಾನೇ ಎಂದು ಅರ್ಧಕ್ಕೇ ಎದ್ದು ಹೋಗಬೇಡಿ, ಯಾಕೆಂದರೆ ಸೋರುವುದು ನಿಂತ ಮೇಲೆಯೇ ಎಲ್ಲ ಶುರುವಾದದ್ದು. ಆ ಭಾನುವಾರ ಬೆಳಗ್ಗೆ ಗವಿಪುರದ ಮನೆಯ ಹಿತ್ತಲಲ್ಲಿ ವರದರಾಜ ಕುಕ್ಕರಗಾಲಲ್ಲಿ ಕೂತು, ನೆಲದೊಳಗಿಂದ ಬಂದ ಪೈಪು ಗೋಡೆಯ ಹತ್ತಿರ ಮೇಲಕ್ಕೆ ತಿರುಗುವ ಮೂಲೆಯ ಕೆಳಗೆ ಬೆರಳು ಸವರಿ ನೋಡಿದ. ಎಲ್ಬೋ ಎನ್ನುತ್ತಾರೆ ಆ ಮೂಲೆಗೆ, ಮಡಿಸಿದ ಮೊಣಕೈ ಹಾಗೇ ಇರುತ್ತದೆ. ಒಂದು ಹನಿಯಾದರೂ ಸಿಗಲಿ ಎಂದು ಆಸೆಪಟ್ಟೇ ಸವರಿದ. ಬೆರಳು ಒಣಗಿಯೇ ಬಂತು. ಇವತ್ತೂ ನಿಂತಿದೆ. ಇವತ್ತೂ ಅದು ಒಳಗೇ ಇದೆ. ಸೋರಿದ್ದರೆ ಬಿಚ್ಚಬಹುದಿತ್ತು, ಬಿಚ್ಚಿದ್ದರೆ ಒಳಗಿನದನ್ನು ಕಿತ್ತೆಸೆದು ಕೈ ತೊಳೆದುಕೊಳ್ಳಬಹುದಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಇಷ್ಟು ಚೆನ್ನಾಗಿ ಕೂತಿರುವುದನ್ನು ಯಾವ ನೆಪ ಹೇಳಿ ಬಿಚ್ಚುವುದು? ಕಾಂಪೌಂಡಿನ ಮೇಲೆ ಕೂತಿದ್ದ ಬೂದು ಬೆಕ್ಕು ಅವನನ್ನೇ ನೋಡುತ್ತಿತ್ತು. ಅವನು ಎದ್ದು ಹೋಗುವುದನ್ನೇ ಅದು ಕಾಯುತ್ತಿದೆ ಎಂದು ಅವನಿಗೆ ಗೊತ್ತಿತ್ತು. ದಿನಾ ಬಂದು ಎಲ್ಬೋ ಸುತ್ತ ಮೂಸುತ್ತದೆ, ನಾಲಗೆ ಚಾಚಿ ಕಬ್ಬಿಣ ನೆಕ್ಕುತ್ತದೆ. “ಶೂ! ಶೂ! ತುಪ್ಪದ ರುಚಿ ಹತ್ಬಿಟ್ಟಿದೆ ನೋಡು ಈ ಮುಂಡೇದಕ್ಕೆ,” ಎಂದು ಅಮ್ಮ ಅಡಿಗೆಮನೆ ಬಾಗಿಲಲ್ಲೇ ನಿಂತು ಓಡಿಸುತ್ತಾರೆ. ಅದು ತುಪ್ಪವಲ್ಲ ಎಂದು ಬೆಕ್ಕಿಗೆ ಗೊತ್ತು. ಆ ಮನೆಯಲ್ಲಿ ಆ ಸಂಗತಿ ಗೊತ್ತಿದ್ದದ್ದು ಬೆಕ್ಕಿಗೂ ವರದರಾಜನಿಗೂ ಮಾತ್ರ.

ಒಳಗೆ ಅವನ ಅಮ್ಮ ಅಂಬುಜಮ್ಮ ತಂಬಿಗೆ ಬೆಳಗುವ ಸದ್ದು ಕೇಳುತ್ತಿತ್ತು, ಹುಣಿಸೆಹಣ್ಣು ತಾಮ್ರಕ್ಕೆ ಉಜ್ಜುವ ಆ ಕರಕರ ಸದ್ದು. ಅಮ್ಮ ಕೊಳಾಯಿ ನೀರು ಮುಟ್ಟಲು ಶುರುಮಾಡಿದ ಮೇಲೆ ಆ ತಂಬಿಗೆಗೇ ಒಂದು ಹೊಸ ಮರ್ಯಾದೆ ಬಂದಿತ್ತು. ಅಲ್ಲಿಯವರೆಗೆ ಬಾವಿ. ಮಡಿಯುಟ್ಟು, ಚಳಿಯಿರಲಿ ಮಳೆಯಿರಲಿ, ತಾನೇ ಸೇದಿದ ನೀರಲ್ಲೇ ದೇವರಿಗೆ ಅಭಿಷೇಕ, ಅದರಲ್ಲೇ ಅಡಿಗೆ, ಅದನ್ನೇ ಕುಡಿಯುವುದು. ಕೊಳಾಯಿ ಮನೆಗೆ ಬಂದು ವರ್ಷಗಳೇ ಕಳೆದಿದ್ದರೂ ಅದು ಪಾತ್ರೆ ತೊಳೆಯುವುದಕ್ಕೆ, ಹೆಚ್ಚೆಂದರೆ ಸೊಸೆ ಭಾಮೆ ಬಟ್ಟೆ ಒಗೆಯುವುದಕ್ಕೆ. ಯಾಕೆಂದರೆ ಕೊಳಾಯಿಯ ಬಾಯೊಳಗೆ ಚರ್ಮದ ವಾಷರ್ ಇರುತ್ತದೆ. ಸತ್ತ ದನದ ಚರ್ಮ ಮುಟ್ಟಿ ಬಂದ ನೀರನ್ನು ದೇವರ ತಲೆಯ ಮೇಲೆ ಹಾಕುವುದೇ? ಆದರೆ ಹೋದ ಚಳಿಗಾಲದಲ್ಲಿ ಅಮ್ಮನ ಬಲಗಡೆಯ ಭುಜ ಹಿಡಿದುಕೊಂಡಿತು. ಒಂದು ದಿನ ತುಂಬಿದ ಕೊಡ ಅರ್ಧ ಮೇಲೆ ಬಂದಾಗ ಕೈ ಸೋತು, ಹಗ್ಗ ಅಂಗೈಯ ಚರ್ಮ ಸುಲಿದುಕೊಂಡು ಕೆಳಕ್ಕೆ ಹೋಯಿತು, ಅದರ ಜೊತೆ ಅಮ್ಮನೂ ಬಾವಿಕಟ್ಟೆಯ ಮೇಲೆ ಮುಗ್ಗರಿಸಿದರು. ಭಾಮೆ ಸೊಂಟ ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೋ. ಅದಾದ ಮೇಲೂ ಅಮ್ಮ ಕೇಳಿದ್ದು, “ಆ ಕೊಡ ಸಿಗುತ್ತೇನೋ ವರದ? ನಿಮ್ಮಪ್ಪ ತಂದಿದ್ದು,” ಎಂದು. ಆಗ ವರದರಾಜನೇ ಹಟ ಹಿಡಿದ. ಕೊಳಾಯಿ ಬಿಚ್ಚಿದ, ಚರ್ಮದ ವಾಷರನ್ನು ಅಮ್ಮನ ಕಣ್ಣೆದುರಿಗೇ ಕಿತ್ತು ಆಚೆ ಎಸೆದ, ರಬ್ಬರಿನದು ಹಾಕಿದ. “ಅದು ಎಂಥದೋ?” “ರಬ್ಬರ್ ಅಮ್ಮ. ಮರದ ಹಾಲು ಹೆಪ್ಪುಗಟ್ಟಿಸಿ ಮಾಡೋದು.” “ಮರದ ಹಾಲಾ?” ಅಮ್ಮ ಬಗ್ಗಿ ಅದನ್ನು ನೋಡಿದರು. “ಮರದ ಹಾಲಾದ್ರೆ ಸರಿ. ಬೇರೆ ಏನೂ ಇಲ್ಲ ತಾನೆ? ಪೈಪಲ್ಲಿ ಎಲ್ಲೂ? ದೇವರ ಮುಂದೆ ನಿಂತು ಹೇಳು.” ಅವನು ದೇವರ ಮುಂದೆ ನಿಂತು ಹೇಳಿದ್ದ. ಅವತ್ತು ಹೇಳಿದ್ದು ನಿಜವೇ. ಅಮ್ಮ ಮೊದಲ ಸಲ ಕೊಳಾಯಿ ತಿರುಗಿಸಿ, ನೀರು ತಾನೇ ತಾನಾಗಿ ತಂಬಿಗೆಗೆ ಬೀಳುವುದನ್ನು ನೋಡಿ, ಚಿಕ್ಕ ಹುಡುಗಿಯ ಹಾಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದರು. ಆ ನಗುವನ್ನು ನೆನೆದರೆ ಈಗ ಅವನಿಗೆ ಕಿವಿ ಬಿಸಿಯಾಗುತ್ತಿತ್ತು.

ಎಲ್ಬೋ ಸೋರಲು ಶುರುವಾದದ್ದು ಆಮೇಲೆ. ವಾಷರ್ ಬದಲಾಯಿಸುವ ಉತ್ಸಾಹದಲ್ಲಿ ಪೈಪನ್ನು ಹಿಡಿದು ಅಲ್ಲಾಡಿಸಿದ್ದನಲ್ಲ, ಕೆಳಗಿನ ಜೋಡಣೆ ಸಡಿಲವಾಗಿತ್ತು. ಮೊದಲು ಹನಿ, ಆಮೇಲೆ ಸಣ್ಣ ಧಾರೆ. ಪ್ಲಂಬರನ್ನು ಕರೆಸಿದರೆ ಅವನು ಮುಟ್ಟಿದ ಪೈಪಿನ ನೀರು ಬೇಡ ಎಂದು ಅಮ್ಮ ಮತ್ತೆ ಬಾವಿಗೆ ಹೋದಾರು ಎಂದು ವರದರಾಜ ತಾನೇ ಕೈ ಹಾಕಿದ. ಅದಕ್ಕಿಂತ ಹೆಚ್ಚಾಗಿ, ಅಠಾರ ಕಚೇರಿಯಲ್ಲಿ ದಿನವಿಡೀ ಇನ್ನೊಬ್ಬರು ಬರೆದದ್ದನ್ನು ಕಾಪಿ ಮಾಡುವ ಗುಮಾಸ್ತನಿಗೆ ತನ್ನ ಕೈಯಿಂದಲೇ ಒಂದು ಕೆಲಸ ಆಗಬೇಕು ಎಂಬ ಚಪಲ. ಪೈಪ್ ರೆಂಚು ತಂದ. ಬಿಚ್ಚಿದ. ತಿರುಪಿನ ಸುತ್ತುಗಳಲ್ಲಿ ಕೂತ ತುಕ್ಕನ್ನು ಹಳೆಯ ಬ್ರಷ್ಷಿನಿಂದ ಉಜ್ಜಿದ. ಸಣಬಿನ ನಾರನ್ನು ಬತ್ತಿಯ ಹಾಗೆ ಹೊಸೆದು ಸುತ್ತಿದ. ಬಿಗಿ ಮಾಡುತ್ತಾ ಹೋದ ಹಾಗೆ ನಾರು ಅವನ ಕಣ್ಣೆದುರಿಗೇ ಬಿಚ್ಚಿಕೊಂಡು ಗಡ್ಡದ ಹಾಗೆ ಹೊರಗೆ ಬಂತು. ತಿರುಪು ತಿರುಗುವ ಕಡೆಗೇ ಸುತ್ತಬೇಕು, ಅವನು ಎದುರು ಕಡೆಗೆ ಸುತ್ತಿದ್ದ. ಎರಡನೇ ಸಲ ಸರಿಯಾದ ಕಡೆಗೇ ಸುತ್ತಿದ, ಆದರೆ ಒಣ ನಾರು, ಅದೂ ಒಂದೇ ಎಳೆ. ನೀರು ಬಿಟ್ಟ ಕೂಡಲೇ ಮುಖಕ್ಕೇ ಚಿಮ್ಮಿತು. ಬಾಗಿಲಲ್ಲಿ ನಿಂತಿದ್ದ ಭಾಮೆ, “ಅತ್ತೇ, ಬಂದು ನೋಡಿ, ಇವರು ರಿಪೇರಿ ಮಾಡಿದ್ಮೇಲೆ ನೀರು ಮೊದಲಿಗಿಂತ ಚೆನ್ನಾಗಿ ಬರ್ತಿದೆ. ಕೊಳಾಯಿ ತಿರುಗಿಸೋ ಕಷ್ಟವೂ ಇಲ್ಲ,” ಎಂದಳು. ಅಮ್ಮ ಕೂಡ ನಕ್ಕರು. ಅವನೂ ನಕ್ಕ. ಆದರೆ ಒದ್ದೆ ಬನೀನಿನಲ್ಲಿ ನಿಂತು ನಗುವಾಗ ಒಳಗೊಂದು ಮೊಂಡುತನ ಹುಟ್ಟಿತು: ಮುಂದಿನ ಸಲ ಇದು ನಿಲ್ಲಲೇಬೇಕು, ಏನು ಹಾಕಿಯಾದರೂ ಸರಿ.

ಏನು ಹಾಕಿಯಾದರೂ ಸರಿ ಎನ್ನುವ ಆ ಮನಸ್ಸಿನಲ್ಲೇ ಅವನು ಮಾವಳ್ಳಿಗೆ ಹೋಗಿ ನಲ್ಲಿ ರಿಪೇರಿಯ ಮರಿಯಣ್ಣನನ್ನು ಹುಡುಕಿದ್ದು. ಮರಿಯಣ್ಣ ಒಂದು ಹಿಡಿ ನಾರನ್ನೂ, ಕಾಗದದಲ್ಲಿ ಸುತ್ತಿದ ಬೆಳ್ಳಗಿನ ಒಂದು ಮುದ್ದೆಯನ್ನೂ ಕೊಟ್ಟ. “ನಾರಿನ ಮ್ಯಾಲೆ ಇದನ್ನ ಚೆನ್ನಾಗಿ ಬಳಿದು ತಿರುಗ್ಸಿ ಸ್ವಾಮಿ. ಅಲ್ಲಾಡಕಿಲ್ಲ.” ವರದರಾಜ ಮೂಗಿನ ಹತ್ತಿರ ಹಿಡಿದ. ಮರಿಯಣ್ಣ ನಕ್ಕ. “ಏನು ಅಂತ ಕೇಳ್ಬ್ಯಾಡಿ ಸ್ವಾಮಿ. ನಿಮ್ಮಂಥೋರು ಕೇಳಿದ್ರೆ ಮುಟ್ಟಲ್ಲ.” ಅವನು ಕೇಳಲಿಲ್ಲ. ಈಗ ದಿನಕ್ಕೆ ಹತ್ತು ಸಲ ಅವನು ತಿರುಗಿ ಹೋಗಿ ನಿಲ್ಲುವುದು ಆ ಜಾಗದಲ್ಲೇ, ಮಾವಳ್ಳಿಯ ಆ ಬೀದಿಯಲ್ಲಿ, ಕೈಯಲ್ಲಿ ಆ ಕಾಗದದ ಪೊಟ್ಟಣ, ಬಾಯಲ್ಲಿ ಕೇಳದೆ ಉಳಿದ ಮಾತು. ಕೇಳದಿದ್ದರೆ ಗೊತ್ತಿಲ್ಲ ಎನ್ನಬಹುದು ಎಂದು ಲೆಕ್ಕ ಹಾಕಿದ್ದನೇ? ಲೆಕ್ಕ ಹಾಕುವಷ್ಟು ಹೊತ್ತು ಕೂಡ ಇರಲಿಲ್ಲ. ಆದರೂ ಆ ವಾಸನೆ ಗೊತ್ತಾಗದ ಮೂಗು ಯಾವುದು?

ಮನೆಗೆ ಬಂದು ಕೆಲಸಕ್ಕೆ ಕೂತಾಗ ಅಮ್ಮ ಬಂದರು. ಮಡಿಯಲ್ಲಿದ್ದರು, ಅದಕ್ಕೇ ದೂರದಲ್ಲೇ ನಿಂತು ಬಾಳೆಲೆಯ ತುಂಡನ್ನು ಅವನ ಕಡೆ ನೆಲದ ಮೇಲೆ ಇಟ್ಟರು. ಅದರ ಮೇಲೆ ಹರಳು ಹರಳಾದ ತುಪ್ಪ. “ನಾರಿಗೆ ಏನಾದ್ರೂ ಜಿಡ್ಡು ಹಚ್ಚಬೇಕು ಅಂತಿದ್ಯಲ್ಲ. ಅಂಗಡಿ ಎಣ್ಣೆ ಗಿಣ್ಣೆ ಬೇಡಪ್ಪ, ಅದರಲ್ಲಿ ಏನು ಬೆರೆಸಿರ್ತಾರೋ. ಇದು ದೇವರ ದೀಪಕ್ಕೆ ಅಂತ ಮಡೀಲಿ ಕಾಸಿದ್ದು. ಇದನ್ನ ಹಾಕು.” ಅವನು ಹೂಂ ಎಂದ. ಅಮ್ಮ ಒಳಗೆ ಹೋದರು. ಕಬ್ಬಿಣದ ಪೈಪಿಗೆ ತುಪ್ಪ! ಬಿಸಿಲು ಬಿದ್ದರೆ ಕರಗಿ ಹೋಗುವ ತುಪ್ಪ! ಮೂರನೇ ಸಲವೂ ನೀರು ಮುಖಕ್ಕೆ ಚಿಮ್ಮಿ, ಬಾಗಿಲಲ್ಲಿ ಭಾಮೆ ನಗುವುದು ಅವನ ಕಣ್ಣಿಗೆ ಕಟ್ಟಿತು. ಪೊಟ್ಟಣ ಬಿಚ್ಚಿದ. ಬೆಳ್ಳಗಿನ ಮುದ್ದೆಯನ್ನು ನಾರಿನ ಮೇಲೆ ಬಳಿದ, ತಿರುಪಿನ ಸುತ್ತುಗಳಲ್ಲಿ ತುಂಬಿದ, ರೆಂಚಿಗೆ ಜೋತುಬಿದ್ದು ಬಿಗಿದ. ಹೊರಗೆ ಉಕ್ಕಿದ್ದನ್ನು ಹೆಬ್ಬೆರಳಲ್ಲಿ ಒತ್ತಿ ನುಣುಪು ಮಾಡಿದ. ನೀರು ಬಿಟ್ಟ. ನಿಂತಿತು. ಆಗ ಉಳಿದದ್ದು ಬಾಳೆಲೆಯ ಮೇಲಿನ ತುಪ್ಪ. ಅದನ್ನು ಏನು ಮಾಡುವುದು? ಹಿಂದಕ್ಕೆ ಕೊಟ್ಟರೆ ಯಾಕೆ ಎಂದು ಕೇಳುತ್ತಾರೆ, ಚರಂಡಿಗೆ ಹಾಕಿದರೆ ತೇಲಿ ನಿಲ್ಲುತ್ತದೆ. ಕೈ ತೊಳೆದು, ಬಚ್ಚಲ ಗೋಡೆಯ ಹಿಂದೆ ನಿಂತು, ಆ ತುಪ್ಪವನ್ನು ಎಲೆಯ ಸಮೇತ ಬಾಯಿಗೆ ಹಿಡಿದು ನೆಕ್ಕಿಬಿಟ್ಟ. ಎಷ್ಟು ಘಮ್ಮೆನ್ನುವ ತುಪ್ಪ ಅದು. ಆ ಘಮ ಇನ್ನೂ ಅವನ ಗಂಟಲಲ್ಲಿತ್ತು. “ಹಾಕಿದ್ಯೇನೋ?” ಎಂದು ಒಳಗಿಂದ ಅಮ್ಮ ಕೂಗಿದಾಗ ತುಟಿ ಒರೆಸಿಕೊಂಡು “ಹಾಕ್ದೆ ಅಮ್ಮ, ನಿಂತೋಯ್ತು,” ಎಂದಿದ್ದ. ಅವತ್ತಿನಿಂದ ದಿನಾ ಅಮ್ಮ ಆ ನೀರಿನಲ್ಲಿ ದೇವರ ವಿಗ್ರಹ ತೊಳೆದು, ಆ ತೀರ್ಥವನ್ನು ಉದ್ಧರಣೆಯಲ್ಲಿ ಅವನ ಅಂಗೈಗೆ ಮೇಲಿಂದ ಬಿಡುತ್ತಾರೆ. ಅವನು ಮಡಿಗಿಡಿ ನಂಬುವವನಲ್ಲ, ಕಚೇರಿಯ ಹುಡುಗರ ಜೊತೆ ಚಿಕ್ಕಲಾಲ್‌ಬಾಗಿನ ಹತ್ತಿರದ ಹೋಟೆಲಿನಲ್ಲಿ ಈರುಳ್ಳಿ ದೋಸೆ ತಿಂದು ಬಂದು ಅಮ್ಮನ ಪಕ್ಕ ಕೂತು ಊಟ ಮಾಡುವವನು. ನೀರಿಗೆ ಯಾವ ಜಾತಿ ಎಂದು ವಾದ ಮಾಡುವವನು. ಆದರೂ ಆ ತೀರ್ಥ ಗಂಟಲಲ್ಲಿ ಇಳಿಯದು. ತಾನು ನಂಬದ್ದನ್ನು ಕೆಡಿಸಿದರೆ ತನಗೇನು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಕೆಟ್ಟದ್ದು ನೀರಲ್ಲ ಎಂದು ಕೂಡಲೇ ಯಾರೋ ಉತ್ತರ ಕೊಡುತ್ತಾರೆ, ಆ ಯಾರೋ ಕೂಡ ಅವನೇ.

“ಅಪ್ಪಾ ವರದಾ!” ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ವಿಶಾಲಾಕ್ಷಮ್ಮನ ದನಿ. ಅವನು ಬೆಚ್ಚಿಬಿದ್ದ. ಬೆಕ್ಕು ಹಾರಿ ಓಡಿತು. ವಿಶಾಲಾಕ್ಷಮ್ಮ ಅಮ್ಮನಿಗಿಂತ ದೊಡ್ಡವರು, ಮಡಿಯಲ್ಲಿ ಅಮ್ಮನಿಗಿಂತ ಒಂದು ಕೈ ಮೇಲು. “ನಿಮ್ಮಮ್ಮ ಹೇಳಿದ್ರಪ್ಪ, ತುಪ್ಪ ಹಾಕಿ ಪೈಪು ಕಟ್ಟಿದೀಯಂತೆ. ನಮ್ಮನೇದೂ ಸೋರ್ತಿದೆ. ನಾನೂ ಕೊಳಾಯಿ ನೀರೇ ಮುಟ್ಟೋಣ ಅಂತ ತೀರ್ಮಾನ ಮಾಡಿದೀನಿ. ಅಂಬುಜಮ್ಮನೇ ಕುಡೀತಾರೆ ಅಂದ್ಮೇಲೆ ನನ್ನದೇನು? ತುಪ್ಪ ನಾನೇ ಕೊಡ್ತೀನಿ, ಬಂದ್ಬಿಡು.”

“ನಾನೇನು ಪ್ಲಂಬರ್ ಅಲ್ಲ ವಿಶಾಲಾಕ್ಷಮ್ಮ…”

“ಪ್ಲಂಬರ್ ಆಗಿದ್ರೆ ಕರೀತಿದ್ನೇನೋ? ತಾಯಿಗೋಸ್ಕರ ದೇವರ ತುಪ್ಪ ತಗೊಂಡು ಕಬ್ಬಿಣಕ್ಕೆ ಹಚ್ಚೋ ಮಗ ಯಾರಿಗಿರ್ತಾನೆ ಹೇಳು! ನನ್ನ ಮಗನೂ ಇದಾನೆ, ಬೀಡಿ ಹಚ್ಚೋದು ಬಿಟ್ರೆ ಬೇರೆ ಗೊತ್ತಿಲ್ಲ.”

ಒಳಗಿನಿಂದ ಅಮ್ಮ, ತಂಬಿಗೆ ಉಜ್ಜುವುದನ್ನು ನಿಲ್ಲಿಸದೆ, “ಹೋಗೋ, ಹೋಗ್ಬಿಟ್ಟು ಬಾ. ಪುಣ್ಯ ಬರುತ್ತೆ,” ಎಂದರು. ಆ ದನಿಯಲ್ಲಿ ಹೆಮ್ಮೆ ಇತ್ತು. ಅವನಿಗೆ ಓಡಿಹೋಗಬೇಕು ಅನ್ನಿಸಿತು. ನಾರು, ರೆಂಚು ತಗೊಂಡು ಹೋದ.

ವಿಶಾಲಾಕ್ಷಮ್ಮನ ಹಿತ್ತಲಲ್ಲಿ ಕೂತು ಪೈಪು ಬಿಚ್ಚುವಾಗ ಅವನು ಒಂದನ್ನೇ ಹಾರೈಸಿದ: ಇದು ಸೋರಲಿ. ತುಪ್ಪಕ್ಕೆ ಇದು ಆಗುವ ಕೆಲಸವಲ್ಲ ಎಂದು ಈಗಲೇ ಗೊತ್ತಾಗಲಿ. ಹಾಗಾದರೆ ಅವತ್ತು ಬೇರೆ ದಾರಿ ಇರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದು. ಪುಟ್ಟ ಬೆಳ್ಳಿ ಬಟ್ಟಲಲ್ಲಿ ತುಪ್ಪ ಇಟ್ಟು ವಿಶಾಲಾಕ್ಷಮ್ಮ ದೂರದ ಕಲ್ಲಿನ ಮೇಲೆ ಕೂತು ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಅವನು ಬೇಕೆಂದೇ ನಾರು ಕಡಿಮೆ ಸುತ್ತಬಹುದಿತ್ತು. ಕೈ ಕೇಳಲಿಲ್ಲ. ಎರಡು ಸಲ ತಪ್ಪಿ ಕಲಿತ ಕೈ ತಾನೇ ತಾನಾಗಿ ಸರಿಯಾದ ಕಡೆಗೆ, ಸರಿಯಾದ ದಪ್ಪಕ್ಕೆ, ಸುತ್ತಿನ ಮೇಲೆ ಸುತ್ತು ಕೂರಿಸಿತು. ತುಪ್ಪ ಬಳಿದ. ಬಿಗಿದ. ನೀರು ಬಿಟ್ಟಾಗ ಮೊದಲು ಒಂದು ಹನಿ ಮೂಡಿತು. ಅವನು ಇನ್ನೂ ಹತ್ತಿರ ಬಗ್ಗಿದ. ಇನ್ನೊಂದು ಹನಿ. ಅದು ಅಲ್ಲೇ ತೂಗಾಡಿತು, ಬೀಳಲಿಲ್ಲ. ನೋಡುತ್ತಾ ಕೂತ. ನಾರು ನೀರು ಕುಡಿದು ಒಳಗೊಳಗೇ ಉಬ್ಬುತ್ತಿರಬೇಕು, ಮೂರನೆಯ ಹನಿ ಮೂಡಲೇ ಇಲ್ಲ. ಬೆರಳಲ್ಲಿ ಒರೆಸಿದ. ಒಣಗಿಯೇ ಉಳಿಯಿತು. ತುಪ್ಪವೇ ಸಾಕಾಗಿತ್ತು. ಬಾಳೆಲೆಯ ಮೇಲೆ ಅಮ್ಮ ಇಟ್ಟಿದ್ದ ಅಷ್ಟೇ ಅಷ್ಟು ತುಪ್ಪ ಸಾಕಾಗಿತ್ತು. “ನಿಂತಿತಾ? ನಿಂತಿತಲ್ಲ! ನಿನ್ನ ಕೈಗುಣ ಕಣಪ್ಪ,” ಎಂದು ವಿಶಾಲಾಕ್ಷಮ್ಮ ಕೂತಲ್ಲಿಂದಲೇ ಎರಡೂ ಕೈ ಎತ್ತಿ ಹರಸಿದರು. ಅವನು ತಲೆ ಎತ್ತಲಿಲ್ಲ.

ಮನೆಗೆ ಹೋಗಲಾಗಲಿಲ್ಲ. ರೆಂಚನ್ನು ಕೈಯಲ್ಲಿ ಹಿಡಿದುಕೊಂಡೇ ಮಾವಳ್ಳಿಗೆ ನಡೆದ. ದಾರಿಯಲ್ಲಿ ಲಾಲ್‌ಬಾಗಿನ ಗೋಡೆಯ ಪಕ್ಕ ಸೌತೆಕಾಯಿ ಮಾರುವವಳು, ಸೈಕಲ್ಲಿನ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುತ್ತಿದ್ದ ಮೇಷ್ಟರು, ಎಲ್ಲರೂ ಅವನ ಕೈಯಲ್ಲಿದ್ದ ರೆಂಚನ್ನೇ ನೋಡಿದ ಹಾಗಾಯಿತು. ಮೇಣ ಇರಬಹುದು. ಜೇನುಮೇಣ. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ್ದಿರಬಹುದು, ಚಳಿಗೆ ಅದೂ ಬೆಳ್ಳಗೆ ಗಟ್ಟಿಯಾಗುತ್ತದೆ. ತಾನು ಸುಮ್ಮನೆ ಅಂದುಕೊಂಡದ್ದಿರಬಹುದು. ಮರಿಯಣ್ಣ ಮನೆಯ ಜಗುಲಿಯ ಮೇಲೆ ಕೂತು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ.

“ಏನ್ ಸ್ವಾಮಿ, ತಿರ್ಗಾ ಸೋರ್ತೈತಾ?”

“ಇಲ್ಲ. ನಿಂತಿದೆ.”

“ನಿಂತಿದ್ರೆ ಮತ್ಯಾಕೆ ರೆಂಚ್ ಹಿಡ್ಕೊಂಡು ಬಂದ್ರಿ, ಹೊಡಿಯಾಕಾ?”

“ಮರಿಯಣ್ಣ, ಅದು… ಅವತ್ತು ಕೊಟ್ಯಲ್ಲ, ಏನದು?”

ಮರಿಯಣ್ಣ ಎಣ್ಣೆ ಇಳಿಯುತ್ತಿದ್ದ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಅವನನ್ನು ನೋಡಿದ. “ಕೊಬ್ಬು ಸ್ವಾಮಿ. ಕಸಾಯಿಖಾನೆ ತಾವ ಸಿಗ್ತದೆ.”

“ಯಾವುದರದ್ದು?”

“ಅದೆಲ್ಲಾ ಯಾರ್ ಕೇಳ್ತಾರೆ? ದನದ್ದೇ ಇರ್ಬೇಕು. ಹಾಕೋವಾಗ ಕೇಳ್ಲಿಲ್ಲ, ಈಗ ಯಾಕ್ ಸ್ವಾಮಿ ಕೇಳ್ತೀರಾ?”

ವಾಪಸು ಬರುವಾಗ ಬಿಸಿಲು ಏರಿತ್ತು. ಮನೆಯಲ್ಲಿ ಅಮ್ಮ ಮಡಿಯುಟ್ಟು ಜಪಕ್ಕೆ ಕೂತಿದ್ದರು, ಅದು ಮುಗಿದ ಮೇಲೆ ಪೂಜೆಗೆ ನೀರು ಹಿಡಿಯುತ್ತಾರೆ. ಭಾಮೆ ನಡುಮನೆಯಲ್ಲಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಅವನು ಅವಳ ಎದುರಿಗೆ ಕೂತು, ದನಿ ತಗ್ಗಿಸಿ, ಎಲ್ಲ ಹೇಳಿಬಿಟ್ಟ. ತುಪ್ಪ ನೆಕ್ಕಿದ್ದನ್ನೂ ಹೇಳಿದ. ಅವಳು ಮೊರದಿಂದ ತಲೆ ಎತ್ತಿದಳು.

“ನೆಕ್ಕಿದ್ರಾ?”

“ಹೂಂ.”

“ನನಗೂ ಒಂಚೂರು ಇಡಬಾರದಿತ್ತಾ,” ಎಂದಳು. ಆದರೆ ಮುಖದಲ್ಲಿ ನಗುವಿರಲಿಲ್ಲ. ಆಮೇಲೆ, “ಹೇಳ್ತೀರಾ?” ಎಂದು ಕೇಳಿದಳು.

“ಹೇಳ್ಬೇಕು ಭಾಮೆ. ದಿನಾ ನನಗೆ ತೀರ್ಥ ಕೊಡ್ತಾಳೆ. ಆಗ ಅವಳ ಮುಖ ನೋಡೋಕಾಗಲ್ಲ.”

“ಹೇಳಿದ್ರೆ ಏನಾಗುತ್ತೆ ಗೊತ್ತಾ? ಇಷ್ಟು ದಿನ ದೇವರ ಮೇಲೆ ಹಾಕಿದ್ದು ಏನು ಅಂತ ಎದೆ ಒಡ್ಕೋತಾರೆ. ಪಂಚಗವ್ಯ ಅಂತಾರೆ, ಉಪವಾಸ ಅಂತಾರೆ. ಆಮೇಲೆ ಬಾವಿ. ಆ ಕೈಯಲ್ಲಿ. ಇನ್ನೊಂದ್ಸಲ ಹಿಡ್ಕೊಳ್ಳೋಕೆ ನಾನು ಪಕ್ಕದಲ್ಲಿರ್ತೀನೋ ಇಲ್ವೋ.” ಒಂದು ಕಲ್ಲನ್ನು ಉಗುರಲ್ಲಿ ಎತ್ತಿ ಬಿಸಾಡಿದಳು. “ಹೇಳಿದ್ರೆ ನಿಮಗೆ ಹಗುರ ಆಗುತ್ತೆ. ಅವರಿಗೆ? ಅವರ ಹತ್ರ ಇರೋದೇ ಆ ಮಡಿ ಒಂದು. ಸುಮ್ಮನೆ ಬಿಚ್ಚಿ, ತೊಳೆದು, ತುಪ್ಪ ಹಾಕಿ ಕಟ್ಬಿಡಿ. ಪಾಪ ನೀವೇ ಇಟ್ಕೊಳ್ಳಿ.”

ಅವನಿಗೆ ಅದು ಸರಿ ಅನ್ನಿಸಿತು. ಸರಿ ಅನ್ನಿಸಿದ್ದಕ್ಕೇ ಅನುಮಾನವೂ ಬಂತು. ಅಮ್ಮನ ಭುಜದ ನೋವನ್ನು ಮುಂದಿಟ್ಟುಕೊಂಡು ತಾನು ಬಚಾವಾಗುತ್ತಿದ್ದೇನೆಯೇ? ಅಥವಾ ಹೇಳಿಬಿಡಬೇಕು ಎಂಬ ಈ ತವಕವೇ ಸುಳ್ಳೋ, ಹೇಳಿ, ಅಮ್ಮ ಬೈದು, ಅತ್ತು, ಕೊನೆಗೆ ಹೋಗಲಿ ಬಿಡು ಕಂದ ಎನ್ನಲಿ ಎಂಬ ಚಿಕ್ಕಂದಿನ ಆಸೆಯೋ? ಚಿಕ್ಕಂದಿನಲ್ಲಿ ದೇವರ ಮುಂದಿನ ಬಾಳೆಹಣ್ಣು ಕದ್ದು ತಿಂದಾಗ ಅಮ್ಮ ಹೊಡೆದಿರಲಿಲ್ಲ. “ನಾನು ಮರೆತು ನೈವೇದ್ಯ ಮಾಡ್ದೆ ಎತ್ತಿಟ್ಟಿದ್ನೇನೋ,” ಎಂದು ತನ್ನ ಮೇಲೇ ಹಾಕಿಕೊಂಡು ಅವತ್ತು ಊಟ ಬಿಟ್ಟಿದ್ದರು. ಹಸಿದು ಮಲಗಿದ ಅಮ್ಮನ ಪಕ್ಕ ಮಲಗಿ ಅವನು ಬಾಯಿಯ ಬಾಳೆಹಣ್ಣಿನ ವಾಸನೆ ಬಾರದ ಹಾಗೆ ಮುಖ ತಿರುಗಿಸಿಕೊಂಡಿದ್ದ.

ಜಪ ಮುಗಿಯುವುದರೊಳಗೆ ಕೆಲಸ ಮುಗಿಸಬೇಕೆಂದು ಹಿತ್ತಲಿಗೆ ಹೋಗಿ, ಬೀದಿಯ ಕಡೆಯ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದ. ರೆಂಚನ್ನು ಹಚ್ಚಿದ. ಮೊದಲ ತಿರುವಿಗೆ ಕಬ್ಬಿಣ ಕಿರ್ರೆಂದಿತು. ಆ ಸದ್ದಿಗೇ ಅಮ್ಮ ಹೊರಗೆ ಬಂದರು, ಬೆಳಗಿದ ತಂಬಿಗೆಯನ್ನು ಎದೆಗೆ ಒತ್ತಿಕೊಂಡು.

“ಅಯ್ಯೋ, ಚೆನ್ನಾಗಿರೋದನ್ನ ಯಾಕೋ ಬಿಚ್ತೀಯಾ?”

“ಇನ್ನೊಂದ್ಸಲ ಗಟ್ಟಿ ಮಾಡ್ತೀನಿ ಅಮ್ಮ. ವಿಶಾಲಾಕ್ಷಮ್ಮನವರ ಮನೇಲಿ ಇನ್ನೂ ಚೆನ್ನಾಗಿ ಕೂತ್ಕೊಂತು. ನೀನು ಒಳಗೆ ಹೋಗು, ಆದ್ಮೇಲೆ ಕರೀತೀನಿ.”

“ಒಳಗೇನಿದೆ ನನಗೆ? ನಾನೂ ನೋಡ್ತೀನಿ. ಊರವರೆಲ್ಲಾ ನೋಡಿ ಹೊಗಳ್ತಾರೆ, ನಾನೇ ನೋಡಿಲ್ಲ ನೀನು ಮಾಡೋದನ್ನ.” ಅಮ್ಮ ಒಳಗೆ ಹೋಗಿ, ಬಾಳೆಲೆಯ ತುಂಡಿನಲ್ಲಿ ತುಪ್ಪ ತಂದು ಅವನ ಪಕ್ಕ ನೆಲದ ಮೇಲೆ ಇಟ್ಟು, ದೂರದಲ್ಲಿ ನಿಂತುಕೊಂಡರು. ಅಡಿಗೆಮನೆಯ ಬಾಗಿಲಲ್ಲಿ ಭಾಮೆ ಬಂದು ನಿಂತಳು. ಅವನ ಬೆನ್ನ ಮೇಲೆ ಎರಡು ಜೊತೆ ಕಣ್ಣು. ಎಲ್ಬೋ ಬಿಚ್ಚಿ ಬಂತು. ತಿರುಪಿನ ಸುತ್ತುಗಳಲ್ಲಿ ನಾರು ಹಳದಿ ಬಿಳುಪಾಗಿ, ಉಬ್ಬಿಕೊಂಡು, ಒಂದಕ್ಕೊಂದು ಅಂಟಿಕೊಂಡು ಕೂತಿತ್ತು. ಅವನು ಉಗುರು ಹಾಕಿ ಎಳೆದ. ಇಡೀ ನಾರು ಒಂದೇ ಉಂಗುರವಾಗಿ ಅವನ ಅಂಗೈಗೆ ಬಂತು, ತಣ್ಣಗೆ, ಜಾರುತ್ತಾ. ಅದನ್ನು ಮುಷ್ಟಿಯಲ್ಲಿ ಹಿಡಿದು ಚರಂಡಿಯ ಕಡೆ ಕೈ ಚಾಚಿದ.

“ಏಯ್ ಏಯ್! ಅಲ್ಲಿ ಹಾಕ್ಬೇಡ್ವೋ!”

ಕೈ ಗಾಳಿಯಲ್ಲೇ ನಿಂತಿತು.

“ದೇವರಿಗೆ ಅಂತ ಕಾಸಿದ ತುಪ್ಪ ಅದು. ಇಷ್ಟು ದಿನ ದೇವರ ನೀರನ್ನ ಸೋರದ ಹಾಗೆ ಕಾಯ್ದಿದೆ. ಚರಂಡೀಲಿ ಹಾಕಿ, ಯಾರ್ಯಾರೋ ತುಳಿದು… ಛೇ. ನಿರ್ಮಾಲ್ಯ ಎಲ್ಲಿ ಹಾಕ್ತೀವಿ ನಾವು? ಇಲ್ಲಿ ಹಾಕು.” ಅಮ್ಮ ತಂಬಿಗೆಯನ್ನು ಕೆಳಗಿಟ್ಟು, ತುಳಸಿಕಟ್ಟೆಯ ಮುಂದೆ ಮೆಲ್ಲಗೆ ಕೂತರು. ನೋವಿನ ಬಲಗೈಯನ್ನು ಮಡಿಲಲ್ಲಿಟ್ಟು, ಎಡಗೈಯ ಬೆರಳುಗಳಿಂದ ಬುಡದ ಮಣ್ಣು ಕೆದಕಿ ಪುಟ್ಟ ಕುಳಿ ಮಾಡಿದರು. ಮಣ್ಣಿನ ಹೆಂಟೆಯೊಂದನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅವನಿಗೆ ತಾಗದ ಹಾಗೆ ಹಿಂದಕ್ಕೆ ಸರಿದು ಕೂತು ತಲೆ ಎತ್ತಿ ನೋಡಿದರು. “ಹಾಕು ಮಗು.”

ಅವನು ಎದ್ದು ಕಟ್ಟೆಯ ಹತ್ತಿರ ಬಂದ. “ಅಮ್ಮಾ,” ಎಂದ. “ತುಕ್ಕು ಹಿಡಿದಿದೆ ಅಮ್ಮ ಇದಕ್ಕೆ. ತುಳಸಿಗೆ ಬೇಡ.”

“ತುಕ್ಕಿಂದ ತುಳಸಿಗೆ ಏನೂ ಆಗಲ್ಲ. ಹಾಕು.”

“ಅಮ್ಮಾ…”

“ಏನೋ?”

ಆ ಕ್ಷಣದಲ್ಲಿ ಅವನಿಗೆ ಎಲ್ಲವೂ ತುಂಬ ಹತ್ತಿರ ಕಂಡಿತು. ಅಮ್ಮನ ಉಗುರಿನಲ್ಲಿ ಸೇರಿದ ಮಣ್ಣು, ಹಗ್ಗ ಸುಲಿದು ಮಾಸಿದ ಅಂಗೈಯ ಗೆರೆ, ಬಿಸಿಲಿಗೆ ಕಿರಿದಾದ ಕಣ್ಣು. ಆ ಕಣ್ಣಿನಲ್ಲಿ ಯಾವ ಅನುಮಾನವೂ ಇರಲಿಲ್ಲ. ಒಂದಿಷ್ಟಾದರೂ ಇದ್ದಿದ್ದರೆ ಅದನ್ನು ಹಿಡಿದುಕೊಂಡು ಅವನು ಹೇಳಿಬಿಡುತ್ತಿದ್ದ. ಬಾಗಿಲಲ್ಲಿ ಭಾಮೆ ತಲೆಯನ್ನು ಹೌದೆಂದೂ ಅಲ್ಲ, ಬೇಡವೆಂದೂ ಅಲ್ಲ, ಸುಮ್ಮನೆ ತಗ್ಗಿಸಿದಳು. ಮುಷ್ಟಿಯೊಳಗೆ ಕೊಬ್ಬು ಮೈಯ ಬಿಸಿಗೆ ಕರಗಿ ಬೆರಳುಗಳ ನಡುವೆ ಹೊರಗೆ ಬರುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಹಿಡಿದರೆ ಅದು ತಾನೇ ಕೆಳಗೆ ತೊಟ್ಟಿಕ್ಕುತ್ತದೆ ಎಂದುಕೊಂಡ. ಬೆರಳು ಬಿಚ್ಚಿದ. ಅದು ಕುಳಿಯೊಳಗೆ ಬಿತ್ತು.

ಅಮ್ಮ ಮಣ್ಣು ಮುಚ್ಚಿ, ಎರಡು ಬೆರಳಿನಿಂದ ತಟ್ಟಿ ಮಟ್ಟ ಮಾಡಿದರು. ತಂಬಿಗೆಯ ತಳದಲ್ಲಿದ್ದ ಒಂದಿಷ್ಟು ನೀರನ್ನು ಅದರ ಮೇಲೆ ಬಿಟ್ಟು, ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ, ದಿನಾ ಮಾಡುವ ಹಾಗೆಯೇ, ಆ ಒದ್ದೆ ಮಣ್ಣನ್ನು ಬೆರಳ ತುದಿಗೆ ತಗೊಂಡು ತನ್ನ ಹಣೆಗೆ ಇಟ್ಟುಕೊಂಡರು. ಇನ್ನೊಂದು ಚಿಟಿಕೆ ತಗೊಂಡು ಅವನ ಕಡೆ ಕೈ ಚಾಚಿದರು. “ಕೈ ಹಿಡಿ. ನಿನ್ನ ಕೆಲಸಕ್ಕೆ ದೇವರು ಮೆಚ್ಚಿದಾನೆ. ಹಣೆಗೆ ಇಟ್ಕೋ.”

ಜಿಡ್ಡಾದ ಅಂಗೈಯನ್ನು ಪಂಚೆಗೆ ಒರೆಸಿ ಒರೆಸಿ ವರದರಾಜ ಮುಂದೆ ಹಿಡಿದ. ಮೇಲಿನಿಂದ ಮಣ್ಣು ಬಿತ್ತು, ತಣ್ಣಗೆ. ಅಮ್ಮ ಅವನು ಇಟ್ಟುಕೊಳ್ಳುವುದನ್ನೇ ನೋಡುತ್ತಾ ಕೂತಿದ್ದರು. ನೀವೇ ಹೇಳಿ, ಆ ಮಣ್ಣು ಅಂಗೈಯಲ್ಲಿ ಹಿಡಿದು ಅಲ್ಲಿ ನಿಂತಿದ್ದರೆ ನೀವು ಏನು ಮಾಡುತ್ತಿದ್ದಿರಿ?